‘ಒಂಟಿ ದಾರ’ ಕೇಳಿದವರು ಹೇಳಿದ್ದು

ಒಂದು ಹಾಡು ಕಟ್ಟಲು ವರ್ಷ ಹಿಡಿಯಬಹುದು. ಅದರ ಬಗ್ಗೆ ಅಭಿಪ್ರಾಯ ಹೇಳಲು ಅರ್ಧ ಕಪ್ ಚಹಾ ಮುಗಿಯುವಷ್ಟು ಹೊತ್ತು ಸಾಕು. ನಮ್ಮ ಜಮಖಂಡಿ ಸುತ್ತಮುತ್ತ ಇಂಥ ಎಡವಟ್ಟುಗಳು ನಡೆಯುತ್ತಲೇ ಇರುತ್ತವೆ. ಆದರೆ ಬನಹಟ್ಟಿಯ ರ‍್ಯಾಪ್ ಹಾಡುವವನ ಆಲ್ಬಮ್ ಬಂದ ಆ ಒಂದು ವರ್ಷದಲ್ಲಿ ನಡೆದಷ್ಟು ಮತ್ತೆಂದೂ ನಡೆದಿಲ್ಲ. ಅವುಗಳಲ್ಲಿ ಅರ್ಧ ನನ್ನಿಂದಲೇ ನಡೆದವು. ನೆನೆದರೆ ನಗು ಬರುತ್ತದೆ, ನಕ್ಕ ಮೇಲೆ ಯಾಕೆ ನಕ್ಕೆನೋ ಅನ್ನಿಸುತ್ತದೆ.

ಉಸಿರು ತಗೊಳ್ಳಾವ

ನಾನು ಜಮಖಂಡಿಯ ಕೋರ್ಟಿನಲ್ಲಿ ಸ್ಟೆನೋ ಆಗಿದ್ದೆ. ಸಾಕ್ಷಿ ಹೇಳಿದ್ದು, ವಕೀಲರು ಕೇಳಿದ್ದು, ಸಾಹೇಬರು ಉಕ್ತಲೇಖನ ಕೊಟ್ಟದ್ದು, ಎಲ್ಲವನ್ನೂ ಶೀಘ್ರಲಿಪಿಯಲ್ಲಿ ಹಿಡಿದು ಟೈಪು ಮಾಡುವುದು ಕೆಲಸ. ಇಪ್ಪತ್ತು ವರ್ಷ ಬರೇ ಮಂದಿಯ ಮಾತು ಬರೆದಿದ್ದೆ. ಅದರಲ್ಲಿ ನನ್ನದು ಅಂತ ಒಂದು ಅಕ್ಷರ ಸೇರಿಸುವಂತಿರಲಿಲ್ಲ.

ಊರಿನಲ್ಲಿ ಒಂದು ವಾರಪತ್ರಿಕೆ ಇತ್ತು. ಅದರ ಸಂಪಾದಕರು ಒಂದು ದಿನ ಕೋರ್ಟಿನ ಹೊರಗೆ ಸಿಕ್ಕು, ನಾಲ್ಕನೇ ಪುಟದಲ್ಲಿ ಒಂದು ಕಾಲಂ ಖಾಲಿ ಬೀಳುತ್ತದೆ, ಹಾಡು-ನಾಟಕದ ಬಗ್ಗೆ ಏನಾದರೂ ಬರೆಯಿರಿ ಎಂದರು. ನನಗೆ ಹಾಡು ಗೊತ್ತಿಲ್ಲ ಎಂದೆ. ಓದುವವರಿಗೂ ಗೊತ್ತಿಲ್ಲ, ನಗು ಬರುವಂತೆ ಬರೆದರೆ ಸಾಕು ಎಂದರು. ಇಪ್ಪತ್ತು ವರ್ಷ ಬಾಯಿ ಕಟ್ಟಿಕೊಂಡು ಕೂತವನ ಕೈಗೆ ಪೆನ್ನು ಕೊಟ್ಟರೆ ಏನಾಗುತ್ತದೋ ಅದೇ ಆಯಿತು. ನಾನು ವಿಮರ್ಶಕನಾದೆ.

ಆಗ ಇಬ್ಬರು ಗೆಳೆಯರು ಜೋಡಿಯಾಗಿ ರ‍್ಯಾಪ್ ಹಾಡುತ್ತಿದ್ದರು. ಒಬ್ಬ ಬನಹಟ್ಟಿಯವ, ಪವರ್‌ಲೂಮ್ ಶೆಡ್ಡಿನಲ್ಲಿ ಮಗ್ಗ ನಡೆಸುವವ. ಇನ್ನೊಬ್ಬ ಮುಧೋಳದವ, ಕಬ್ಬಿನ ಟ್ರ್ಯಾಕ್ಟರ್ ಹೊಡೆಯುವವ. ನಮ್ಮ ಕಡೆಯ ಮಾತಿನಲ್ಲೇ ಹಾಡು ಕಟ್ಟಿ, ಒಬ್ಬ ಕೇಳಿದ್ದಕ್ಕೆ ಇನ್ನೊಬ್ಬ ಉತ್ತರ ಕೊಡುವಂತೆ, ಉಸಿರು ಬಿಡದೆ ಹೇಳುತ್ತಿದ್ದರು. ರಾಜ್ಯೋತ್ಸವದ ದಿನ ಮಧ್ಯಾಹ್ನ ಅವರ ಕಾರ್ಯಕ್ರಮ. ಬಿಸಿಲು ವಿಪರೀತ. ನೆರಳು ಅಂತ ಇದ್ದದ್ದು ದೊಡ್ಡ ಸ್ಪೀಕರ್ ಡಬ್ಬಿಯ ಹಿಂದೆ ಮಾತ್ರ, ನಾನು ಅಲ್ಲಿಯೇ ಕುರ್ಚಿ ಹಾಕಿಕೊಂಡೆ. ಅಲ್ಲಿಂದ ವೇದಿಕೆಯ ಮೇಲಿನ ನಾಲ್ಕು ಕಾಲು ಬಿಟ್ಟರೆ ಏನೂ ಕಾಣುತ್ತಿರಲಿಲ್ಲ.

ಮರುವಾರ ಪತ್ರಿಕೆಯಲ್ಲಿ ಬರೆದೆ: ‘ಇಬ್ಬರಲ್ಲಿ ಒಬ್ಬ ಹಾಡುತ್ತಾನೆ, ಇನ್ನೊಬ್ಬ ಅವನ ಪರವಾಗಿ ಉಸಿರು ತೆಗೆದುಕೊಳ್ಳುತ್ತಾನೆ.’

ಊರೆಲ್ಲ ನಕ್ಕಿತು. ವಕೀಲರೊಬ್ಬರು ತಮ್ಮ ಜೂನಿಯರನ್ನು ತೋರಿಸಿ, ‘ಇಂವಾ ನನ್ನ ಪರವಾಗಿ ಉಸಿರ ತಗೊಳ್ಳಾವ’ ಎಂದು ಪರಿಚಯ ಮಾಡಿಸತೊಡಗಿದರು. ನಾನು ಒಂದು ವಾರ ಕಾಲರ್ ಎತ್ತಿಕೊಂಡು ತಿರುಗಿದೆ.

ಸೋಮವಾರ ಬನಹಟ್ಟಿಯವ ಕೋರ್ಟಿನ ಕಟ್ಟೆಗೆ ಬಂದ. ಪೇಪರು ಮಡಚಿ ಕಿಸೆಯಲ್ಲಿಟ್ಟುಕೊಂಡಿದ್ದ. ಮೆಲ್ಲಗೆ ಕೇಳಿದ: ‘ಸರ್, ಹಾಡಾವ ಯಾರು, ಉಸಿರ ತಗೊಳ್ಳಾವ ಯಾರು?’

ನಾನು ಬರೆಯುವಾಗ ಇಬ್ಬರಲ್ಲಿ ಯಾರನ್ನೂ ನೆನೆಸಿರಲಿಲ್ಲ. ಕಂಡಿದ್ದರೆ ತಾನೆ ನೆನೆಸುವುದು. ಅವನ ಮುಖ ನೋಡಿ, ‘ಹಾಡಾವ ನೀನ ಅಲ್ಲೇನೋ’ ಎಂದೆ. ಅವನು ಕೈ ಮುಗಿದು ಹೋದ.

ಬುಧವಾರ ಮುಧೋಳದವ ಬಂದ. ಅದೇ ಕಟ್ಟೆ, ಅದೇ ಪ್ರಶ್ನೆ. ನಾನೂ ಅದೇ ಉತ್ತರ ಕೊಟ್ಟೆ. ಅವನೂ ಕೈ ಮುಗಿದು ಹೋದ. ಒಂದು ತಿಂಗಳೊಳಗೆ ಜೋಡಿ ಒಡೆಯಿತು.

ಇಪ್ಪತ್ತು ವರ್ಷದ ನೌಕರಿಯಲ್ಲಿ ಇಬ್ಬರೂ ಗೆದ್ದ ಕೇಸು ನಾನು ನೋಡಿದ್ದು ಅದೊಂದೇ.

ಓದಿ ಹೇಳಲಾಗಿ ಸರಿ ಇದೆ

ಮುಧೋಳದವ ಹಾಡು ಬಿಟ್ಟು ಪೂರಾ ಟ್ರ್ಯಾಕ್ಟರ್ ಹತ್ತಿದ. ಬನಹಟ್ಟಿಯವ ಬಿಡಲಿಲ್ಲ. ಒಂದು ವರ್ಷ ಕಳೆದ ಮೇಲೆ ಒಬ್ಬನೇ ಎಂಟು ಹಾಡಿನ ಆಲ್ಬಮ್ ಮಾಡಿದ. ಹೆಸರು ‘ಒಂಟಿ ದಾರ’. ಮಗ್ಗದ ಸದ್ದನ್ನೇ ತಾಳ ಮಾಡಿಕೊಂಡಿದ್ದ. ಅದು ಮೆಮರಿ ಕಾರ್ಡಿನ ಕಾಲ, ಆದರೂ ಸಿಡಿಯನ್ನೂ ಮಾಡಿಸುವ ಆಸೆ ಅವನಿಗೆ. ಸಿಡಿಯ ಒಳಗೆ ಹಾಡಿನ ಸಾಲುಗಳ ಒಂದು ಹಾಳೆ ಇಡಬೇಕೆಂದು ನನ್ನ ಮನೆಗೆ ಬಂದ.

ಬರೆದದ್ದು ಕೊಡು, ಟೈಪು ಮಾಡಿಕೊಡುತ್ತೇನೆ ಎಂದೆ. ಬರೆದದ್ದು ಇಲ್ಲ ಎಂದ. ಎಲ್ಲಾ ಮಗ್ಗದ ಮುಂದೆ ನಿಂತು ಕಟ್ಟಿದ ಹಾಡು. ಎರಡೂ ಕೈ ಮಗ್ಗದ ಮೇಲಿರುವಾಗ ಬರೆಯುವುದು ಯಾವ ಕೈಯಿಂದ? ‘ನನ್ನ ಸ್ಪೀಡ ಹಿಡ್ಯಾವರು ಈ ಜಿಲ್ಲಾದಾಗ ನೀವೊಬ್ಬರ ಅದೀರಿ ಸರ್’ ಎಂದ. ಅದನ್ನು ಕೇಳಿ ನಾನು ಉಬ್ಬಿದೆ. ಮೂರು ರವಿವಾರ ನಮ್ಮ ಅಂಗಳದಲ್ಲಿ ಅವನು ಹಾಡಿದ, ನಾನು ಶೀಘ್ರಲಿಪಿಯಲ್ಲಿ ಹಿಡಿದೆ. ಏಳು ಹಾಡಾದವು. ಎಂಟನೆಯದು ಎಂದೆ. ‘ಅದು ಬರಿಯೂದ ಬ್ಯಾಡ್ರಿ ಸರ್’ ಎಂದ. ಕೆಲಸ ಕಡಿಮೆಯಾಯಿತಲ್ಲ ಎಂದು ನಾನೂ ಯಾಕೆಂದು ಕೇಳಲಿಲ್ಲ. ಕೇಳಬೇಕಾಗಿತ್ತು.

ಹಾಳೆ ಅಚ್ಚಾಗಿ ಬಂದ ಮೇಲೆ ನೋಡಿದೆ. ಕೈಗೆ ಬಿದ್ದ ರೂಢಿ ಸುಮ್ಮನಿರಲಿಲ್ಲ. ಎರಡನೇ ಹಾಡಿನ ನಡುವೆ ‘ಸಾಕ್ಷಿದಾರನು ಮುಂದುವರೆದು ಹೇಳುವುದೇನೆಂದರೆ’ ಎಂದು ಬಿದ್ದಿತ್ತು. ಐದನೇ ಹಾಡಿನ ಕೊನೆಗೆ ‘ಓದಿ ಹೇಳಲಾಗಿ ಸರಿ ಇದೆ ಎಂದು ಒಪ್ಪಿರುತ್ತಾನೆ’ ಎಂದಿತ್ತು.

ಕ್ಷಮೆ ಕೇಳಲು ಬನಹಟ್ಟಿಗೆ ಹೊರಟವನಿಗೆ ಬಸ್ ಸ್ಟ್ಯಾಂಡಿನಲ್ಲಿಯೇ ನಾಲ್ಕು ಜನ ಕಾಲೇಜಿನವರು ಸಿಕ್ಕರು. ಒಬ್ಬ ಗೋಡೆಗೆ ಆನಿಕೊಂಡು ಆ ಹಾಳೆ ಓದುತ್ತಿದ್ದ. ಏಳು ಹಾಡಿನಲ್ಲಿ ಯಾವುದು ಹಿಡಿಸಿತು ಎಂದು ಕೇಳಿದೆ. ಅವನು ಕಣ್ಣು ಮುಚ್ಚಿಕೊಂಡು, ‘ಸಾಲಂದ್ರ ಒಂದ ಸಾಲ್ರೀ ಸರ್. ಓದಿ ಹೇಳಲಾಗಿ ಸರಿ ಇದೆ. ಎಷ್ಟ ಆಳ ಐತಿ ನೋಡ್ರಿ’ ಎಂದ. ಉಳಿದ ಮೂವರೂ ತಲೆದೂಗಿದರು. ಆಮೇಲೆ ಎಲ್ಲಿ ಹಾಡಿದರೂ ಜನ ಆ ಸಾಲು ಕೇಳುತ್ತಿದ್ದರಂತೆ. ಹಾಡಿನಲ್ಲಿ ಇಲ್ಲದ ಸಾಲನ್ನು ಪಾಪ ಅವನು ಹೊಸದಾಗಿ ಕಲಿತು ಸೇರಿಸಿಕೊಳ್ಳಬೇಕಾಯಿತು.

ಆ ಸಾಲನ್ನು ನಾನು ಇಪ್ಪತ್ತು ವರ್ಷ ದಿನಕ್ಕೆ ಹತ್ತು ಸಲ ಬರೆದಿದ್ದೇನೆ. ಒಬ್ಬ ಸಾಕ್ಷಿಯೂ ಶಿಳ್ಳೆ ಹೊಡೆದಿರಲಿಲ್ಲ.

ಆರನೇ ಮಗ್ಗ

ವಿಮರ್ಶೆಗಾಗಿ ಜನರ ಅಭಿಪ್ರಾಯ ಕೂಡಿಸಬೇಕೆಂದು ಒಂದು ದಿನ ಅವನ ಶೆಡ್ಡಿಗೆ ಹೋದೆ. ಮಧ್ಯಾಹ್ನದ ಊಟದ ಹೊತ್ತು, ಮಗ್ಗ ನಿಂತಿದ್ದವು. ಅವನ ತಂದೆಯೂ ಅಲ್ಲಿದ್ದರು. ನಲವತ್ತು ವರ್ಷ ಅದೇ ಶೆಡ್ಡಿನಲ್ಲಿ ಮಗ್ಗ ನಡೆಸಿ, ಆ ಸದ್ದಿಗೆ ಎರಡೂ ಕಿವಿ ಹೋಗಿದ್ದವು. ಮೂರನೇ ಹಾಡು ಅವರ ಮೇಲೆಯೇ ಇತ್ತು. ಅಪ್ಪನ ಕಿವಿ ಸೀರೆಯ ಯಾವ ಅಂಚಿನಲ್ಲಿ ನೇಯ್ದು ಹೋಯಿತೋ, ಅದನ್ನು ಉಟ್ಟವರಿಗೆ ಕೇಳುತ್ತದೇನೋ ಎಂಬ ಹಾಡು. ನಾನು ಬರೆದುಕೊಳ್ಳುವಾಗಲೇ ಎರಡು ಸಲ ಕೈ ನಿಂತಿತ್ತು.

ಮಗ ಸ್ಪೀಕರ್ ಹಚ್ಚಿದ. ತಂದೆ ಪಕ್ಕದಲ್ಲಿ ಕೂತು ಅಂಗೈಯನ್ನು ಡಬ್ಬಿಯ ಮೇಲೆ ಒತ್ತಿ ಹಿಡಿದರು. ಹಾಡು ಮುಗಿಯುವ ತನಕ ಕೈ ತೆಗೆಯಲಿಲ್ಲ. ಮುಖ ಗಂಭೀರವಾಯಿತು. ಕಣ್ಣು ಸಣ್ಣವಾದವು. ಮಗ ಅವರ ಮುಖವನ್ನೇ ನೋಡುತ್ತ ಕಾಯುತ್ತಿದ್ದ.

ತಂದೆ ಕೈ ತೆಗೆದು, ಕಿವಿ ಕೇಳದವರು ಮಾತಾಡುವಂತೆ ಗಟ್ಟಿಯಾಗಿ ಹೇಳಿದರು: ‘ಆರನೇ ಮಗ್ಗದ ಬೆಲ್ಟ ಸಡಲ ಆಗೇತಿ.’

ಅಲ್ಲೇ ನಿಂತಿದ್ದ ಶೆಡ್ಡಿನ ಮಾಲೀಕರು ನಕ್ಕರು. ಆದರೂ ಎದ್ದು ಹೋಗಿ ಆರನೇ ಮಗ್ಗ ನೋಡಿದರು. ಬೆಲ್ಟು ಖರೇನೇ ಸಡಿಲಾಗಿತ್ತು, ಇನ್ನೊಂದು ವಾರಕ್ಕೆ ಹರಿಯುವಂತಿತ್ತು. ಮಗ ಹಾಡಿಗೆ ಸದ್ದು ರೆಕಾರ್ಡ್ ಮಾಡಿಕೊಂಡದ್ದು ಆ ಮಗ್ಗದ್ದೇ.

ಮಗ ನನ್ನ ಕಡೆ ನೋಡಿ ನಕ್ಕ. ತಂದೆಯ ಕೈಯನ್ನು ಹಿಡಿದು ಕೂತ. ನಾನು ಅದನ್ನು ಕಾಲಂನಲ್ಲಿ ಬರೆಯಲಿಲ್ಲ. ಬರೆಯಬೇಕಾದದ್ದು ಅದೊಂದೇ ಆಗಿತ್ತು ಎಂದು ಈಗ ಅನಿಸುತ್ತದೆ. ಆಗ ನನಗೆ ಬೇಕಾದದ್ದು ನಾನು ಜಾಣ ಎಂದು ಕಾಣಿಸುವ ಮಾತು. ಇದರಲ್ಲಿ ಜಾಣ ಕಾಣುವವರು ಆ ಮುದುಕರು.

ಮಾಲೀಕರು ಮಾತ್ರ ಸಿಕ್ಕವರಿಗೆಲ್ಲ ಆಲ್ಬಮ್ ಹೊಗಳಿದರು. ‘ಭಾಳ ಉಪಯೋಗದ ಹಾಡ್ರೀ. ಉಳದ ಮಗ್ಗದ ಮ್ಯಾಲೂ ಒಂದೊಂದ ಹಾಡ ಮಾಡಂದೇನಿ.’

ಬೀಳಗಿಯ ಉತ್ತರ

ಬೀಳಗಿ ಬಸ್ ಸ್ಟ್ಯಾಂಡಿನ ಎದುರಿಗೆ ಒಂದು ಮೊಬೈಲ್ ಅಂಗಡಿ. ಸಿಡಿ ಮಾರುತ್ತಿದ್ದರು, ಮೆಮರಿ ಕಾರ್ಡಿಗೆ ಹಾಡೂ ತುಂಬಿಕೊಡುತ್ತಿದ್ದರು. ಕೆಲಸದ ಮೇಲೆ ಬೀಳಗಿಗೆ ಹೋದಾಗ ಆ ಅಂಗಡಿಯವರನ್ನು ‘ಒಂಟಿ ದಾರ’ ಹೇಗೆ ಓಡುತ್ತಿದೆ ಎಂದು ಕೇಳಿದೆ. ಅವರು ತಲೆಯ ಮೇಲೆ ಕೈ ಇಟ್ಟುಕೊಂಡರು. ಒಯ್ದವರೆಲ್ಲ ವಾಪಸ್ ತರುತ್ತಿದ್ದರಂತೆ. ಏಳು ಹಾಡು ಛಲೋ ಅದಾವ, ಎಂಟನೇ ಹಾಡು ಕೆಟ್ಟೈತಿ ಎಂದು. ಆ ಹಾಡಿನಲ್ಲಿ ಅವನು ಒಂದು ಸಾಲು ಹೇಳುತ್ತಾನೆ, ಆಮೇಲೆ ಬರೇ ಮಗ್ಗದ ಸದ್ದು ಕೇಳುತ್ತದೆ, ಮಾತು ಇಲ್ಲ. ಮತ್ತೊಂದು ಸಾಲು, ಮತ್ತೆ ಖಾಲಿ. ಸಿಡಿ ಬದಲಿಸಿ ಕೊಟ್ಟರೆ ಅದೂ ಹಾಗೇ. ಒಬ್ಬ ಗಿರಾಕಿ ಮೂರು ಸಲ ಬದಲಿಸಿಕೊಂಡು, ಮುಧೋಳಕ್ಕೆ ಛಲೋ ಮಾಲು ಕಳಿಸಿ ಬೀಳಗಿಗೆ ಕೆಟ್ಟದ್ದು ಕಳಿಸುತ್ತಾರೆ, ನಮ್ಮ ತಾಲೂಕಿಗೆ ಯಾವಾಗಲೂ ಹೀಗೇ ಎಂದು ಜಗಳ ತೆಗೆದಿದ್ದನಂತೆ.

‘ಅದಕ್ಕ ನಾನ ರಿಪೇರಿ ಮಾಡೇನ್ರಿ’ ಎಂದು ಅಂಗಡಿಯವರು ಹೆಮ್ಮೆಯಿಂದ ಕಂಪ್ಯೂಟರ್ ಹಚ್ಚಿದರು. ಮೆಮರಿ ಕಾರ್ಡಿಗೆ ತುಂಬುವ ಹಾಡಿನಲ್ಲಿ ಖಾಲಿ ಬಿದ್ದ ಜಾಗಕ್ಕೆಲ್ಲ ತಮ್ಮ ಅಂಗಡಿಯ ಜಾಹೀರಾತು ಓದಿ ಸೇರಿಸಿದ್ದರು.

ಹಾಡು ಶುರುವಾಯಿತು. ಬನಹಟ್ಟಿಯವ ಕೇಳುತ್ತಾನೆ: ‘ಎಲ್ಲಿ ಅದೀ ಹೇಳ, ಎಲ್ಲಿ ಅದೀ?’

ಅಂಗಡಿಯವರ ದನಿ: ‘ಬೀಳಗಿ ಬಸ್ ಸ್ಟ್ಯಾಂಡ್ ಎದುರಿಗೆ.’

‘ಯಾವಾಗ ಸಿಗತೀ, ಮತ್ತ ಯಾವಾಗ ಸಿಗತೀ?’

‘ಮುಂಜಾನಿ ಒಂಬತ್ತರಿಂದ ಸಂಜಿ ಏಳರ ತನಕ. ಮಂಗಳವಾರ ರಜಾ.’

‘ನನ್ನ ಹತ್ರ ಏನ ಉಳೀತು, ಏನ ಉಳೀತು?’

‘ಎಲ್ಲಾ ನಮೂನಿ ಚಾರ್ಜರ್, ಕವರ್, ಬ್ಯಾಟರಿ.’

ನಾನು ಕಣ್ಣಲ್ಲಿ ನೀರು ಬರುವ ತನಕ ನಕ್ಕೆ. ಅಂಗಡಿಯವರಿಗೆ ಖುಷಿಯಾಯಿತು, ಚಹಾ ತರಿಸಿದರು. ಆ ಪ್ರಶ್ನೆಗಳು ಯಾರಿಗೆ ಕೇಳಿದ್ದು ಎಂದು ನನಗೆ ಒಂದು ಕ್ಷಣವೂ ಹೊಳೆಯಲಿಲ್ಲ. ಮರಳಿ ಬರುವಾಗ ಬಸ್ಸಿನಲ್ಲಿ ನೆನೆಸಿಕೊಂಡು ಮತ್ತೆ ನಕ್ಕೆ. ಪಕ್ಕದವರು ಸೀಟು ಬದಲಿಸಿದರು.

ಗಾಳಿಪಟ

ವಿಮರ್ಶೆ ಬರೆದೆ. ಏಳು ಹಾಡಿನ ಬಗ್ಗೆ ಎರಡು ಸಾಲು. ಉಳಿದದ್ದೆಲ್ಲ ನಗೆಚಾಟಿಕೆ. ‘ಒಂಟಿ ದಾರದಿಂದ ಸೀರೆ ನೇಯಲು ಬರುವುದಿಲ್ಲ, ಬೇಕಾದರೆ ಗಾಳಿಪಟ ಹಾರಿಸಬಹುದು’ ಎಂದು ಬರೆದೆ. ಎಂಟನೇ ಹಾಡಿಗೆ, ‘ಇಲ್ಲಿ ಗಾಯಕನಿಗೇ ತನ್ನ ಹಾಡು ಬೇಸರವಾಗಿ ನಡುನಡುವೆ ಎದ್ದು ಹೊರಗೆ ಹೋಗಿ ಬಂದಿದ್ದಾನೆ’ ಎಂದು ಬರೆದೆ.

ಮತ್ತೆ ಊರು ನಕ್ಕಿತು. ಒಂದು ಕಟಿಂಗ್ ಅಂಗಡಿಯಲ್ಲಿ ಅದನ್ನು ಕತ್ತರಿಸಿ ಕನ್ನಡಿಗೆ ಅಂಟಿಸಿದ್ದರು. ಹೊಗಳಿ ಬರೆಯಬಹುದಿತ್ತು. ಆ ಮೂರನೇ ಹಾಡು ನನ್ನ ಕೈಯನ್ನು ನಿಲ್ಲಿಸಿತ್ತು ಎಂದು ಬರೆಯಬಹುದಿತ್ತು. ಆದರೆ ಹೊಗಳಿದ್ದನ್ನು ಯಾರೂ ಕನ್ನಡಿಗೆ ಅಂಟಿಸುವುದಿಲ್ಲ.

ಹದಿನೈದು ದಿನ ಬಿಟ್ಟು ಅವನು ಮಾರ್ಕೆಟ್ಟಿನಲ್ಲಿ ಎದುರಿಗೆ ಬಂದ. ತಪ್ಪಿಸಿಕೊಳ್ಳಲು ಜಾಗವಿರಲಿಲ್ಲ. ಅವನೇ ನಿಂತು, ಆರಾಮ ಇದ್ದೀರಾ ಎಂದು ಕೇಳಿ, ಬರೆದದ್ದು ಓದಿದೆ ಎಂದ. ಸಿಟ್ಟಿರಲಿಲ್ಲ. ಅದೇ ತಡೆಯಲಿಕ್ಕಾಗಲಿಲ್ಲ.

‘ನಮ್ಮವ್ವಗ ಓದಿ ಹೇಳಿದ್ನ್ರಿ ಸರ್. ಭಾಳ ಖುಷಿ ಆದಳು.’

ಯಾಕೆ ಎಂದೆ.

‘ಸಾಹೇಬ್ರು ಹಾರತೈತಿ ಅಂದಾರಲ್ಲ ಅಂದಳು.’

ಸಾವಳಗಿಯಲ್ಲಿ ಕೇಳಿದವರು

ಮುಂದೆ ಒಂದು ಸಂಬಂಧಿಕರ ಮನೆಯ ನಿಶ್ಚಯಕ್ಕೆ ಸಾವಳಗಿಗೆ ಹೋದೆ. ಅಲ್ಲಿ ಡೊಳ್ಳಿನ ಪದ ಹಾಡುವ ಒಬ್ಬ ಹಿರಿಯರಿದ್ದರು. ಬೀರೇಶ್ವರನ ಭಕ್ತರು, ಹೆಗಲ ಮೇಲೆ ಕಂಬಳಿ. ಎರಡು ಮೇಳ ಎದುರುಬದುರು ನಿಂತು, ಒಬ್ಬರು ಪ್ರಶ್ನೆ ಹಾಕಿ ಇನ್ನೊಬ್ಬರು ಉತ್ತರ ಹಾಡುವುದರಲ್ಲಿ ಅವರ ಆಯುಷ್ಯ ಕಳೆದಿತ್ತು. ನಾನು ಪೇಪರಿನಲ್ಲಿ ಬರೆಯುವವನು ಎಂದು ಯಾರೋ ಹೇಳಿದ್ದರಿಂದ ಹತ್ತಿರ ಬಂದು ಕೂತರು. ಕಿಸೆಯಿಂದ ಮೊಬೈಲು ತೆಗೆದರು.

‘ಎಂಟನೇದು ಕೆಟ್ಟೈತಿ ಅಂತ ಬರದವರು ನೀವ ಏನ್ರಿ?’

ಹೌದೆಂದೆ.

ಅವರು ಹಾಡು ಹಚ್ಚಿದರು. ಒಂದು ಪ್ರಶ್ನೆ ಮುಗಿದು ಖಾಲಿ ಬಂದಾಗ ನೆಲದ ಮೇಲೆ ಬೆರಳು ತಟ್ಟುತ್ತ ಎಣಿಸಿದರು. ಅವನು ಹೇಳಿದ ಸಾಲಿಗೆ ಎಷ್ಟು ಪೆಟ್ಟೋ, ಖಾಲಿಗೂ ಸರಿಯಾಗಿ ಅಷ್ಟೇ ಪೆಟ್ಟು. ಮೂರು ಸಲ ಎಣಿಸಿ ತೋರಿಸಿದರು, ಒಂದು ಹೆಚ್ಚಿಲ್ಲ, ಒಂದು ಕಡಿಮೆ ಇಲ್ಲ.

‘ಇದು ಖಾಲಿ ಅಲ್ರಿ. ಎದುರಿನವಗ ಬಿಟ್ಟ ಜಾಗಾ. ಇಂವಾ ಕೇಳ್ಯಾನ, ಅಂವಾ ಹಾಡಬೇಕು. ಅಂವಾ ಯಾಕ ಬಂದಿಲ್ಲ? ನಿಮಗ ಗೊತ್ತಿರಬೇಕಲ್ಲ, ನೀವು ಪೇಪರಿನವರು.’

ಅಂಗಳದಲ್ಲಿ ಜನ ಓಡಾಡುತ್ತಿದ್ದರು, ಊಟಕ್ಕೆ ಏಳಿರಿ ಎಂದು ಯಾರೋ ಕರೆಯುತ್ತಿದ್ದರು. ನನಗೆ ಕಿವಿ ಮುಚ್ಚಿದಂತಾಯಿತು. ಎಲ್ಲಿ ಅದೀ, ಯಾವಾಗ ಸಿಗತೀ. ಅವನು ಆ ಹಾಡು ಬರೆಯುವುದು ಬೇಡ ಎಂದದ್ದು ಯಾಕೆಂದು ಆಗ ತಿಳಿಯಿತು. ಅರ್ಧ ಅವನದಲ್ಲ, ಹಾಳೆಯ ಮೇಲೆ ಬರೆಸುವುದು ಹೇಗೆ? ಅವನ ಗೆಳೆಯ ಯಾಕೆ ಬರಲಿಲ್ಲ ಎಂಬುದು ಇಡೀ ಜಿಲ್ಲೆಯಲ್ಲಿ ಗೊತ್ತಿದ್ದವನು ನಾನೊಬ್ಬ. ಗೊತ್ತಿಲ್ರಿ ಎಂದೆ.

ಹಿರಿಯರು ಮೊಬೈಲು ಕಿಸೆಗೆ ಹಾಕುತ್ತ ನಿಟ್ಟುಸಿರು ಬಿಟ್ಟರು. ಪ್ರಶ್ನೆ ಹಾಗೇ ಬಿಡುವುದು ಪಾಪವೆಂದು ತಾವೇ ಎದುರಿನ ಮೇಳದವರಾಗಿ ಮನೆಯಲ್ಲಿ ಉತ್ತರ ಹಾಡಿದ್ದರಂತೆ.

‘ನಾಕ ಸಲ ಉತ್ತರ ಕೊಟ್ಟೇನ್ರಿ. ಖೋಡಿ, ಮತ್ತ ಹಚ್ಚಿದ್ರ ಅದ ಪ್ರಶ್ನಾ ಕೇಳತಾನ.’

ಯಾರು ತೀರಿಕೊಂಡರು

ಮರುದಿನವೇ ರಜೆ ಹಾಕಿ ಮುಧೋಳಕ್ಕೆ ಹೋದೆ. ಕಬ್ಬಿನ ಹಂಗಾಮು. ಕಾರ್ಖಾನೆಯ ದಾರಿಯಲ್ಲಿ ಕಬ್ಬು ತುಂಬಿದ ಟ್ರ್ಯಾಕ್ಟರುಗಳ ಸಾಲು, ಕಣ್ಣು ಹಾಯುವಷ್ಟು ದೂರ. ಪ್ರತಿ ಟ್ರ್ಯಾಕ್ಟರಿನಲ್ಲೂ ಒಂದೊಂದು ಹಾಡು ಹೊಡೆದುಕೊಳ್ಳುತ್ತಿತ್ತು. ಕೇಳುತ್ತ ಕೇಳುತ್ತ ನಡೆದು, ಹಾಡು ಇಲ್ಲದ ಒಂದು ಟ್ರ್ಯಾಕ್ಟರಿನ ಮೇಲೆ ಅವನನ್ನು ಕಂಡೆ.

ಮಡ್‌ಗಾರ್ಡ್ ಹಿಡಿದು ನಿಂತೇ ಎಲ್ಲ ಹೇಳಿದೆ. ಸ್ಪೀಕರಿನ ಹಿಂದೆ ಕೂತದ್ದು, ಯಾರನ್ನೂ ಕಾಣದೆ ಬರೆದದ್ದು, ಸೋಮವಾರ ಅವನಿಗೆ, ಬುಧವಾರ ಇವನಿಗೆ ಒಂದೇ ಉತ್ತರ ಕೊಟ್ಟದ್ದು. ಅವನು ಸ್ಟೇರಿಂಗ್ ಮೇಲೆ ಕೈ ಇಟ್ಟುಕೊಂಡು ಕೇಳಿದ.

‘ಹಂಗಾರ ನನಗ ಹೇಳಿದ್ದು ಸುಳ್ಳ?’

‘ಅವಗ ಹೇಳಿದ್ದೂ.’

ಅವನು ಎಂಜಿನ್ ಬಂದ್ ಮಾಡಿದ. ಆಮೇಲೆ ಹೇಳಿದ: ‘ಎರಡ ವರ್ಷ ಅವನ ಮ್ಯಾಲ ಕನಿಕರ ಪಟ್ಟೇನ್ರಿ ಸರ್. ಪಾಪ, ಬರೇ ಉಸಿರ ತಗೊಳ್ಳಾವ, ಒಬ್ಬನ ಏನ ಹಾಡ್ಯಾನು ಅಂತ. ಆಲ್ಬಮ್ಮೂ ಕೇಳಲಿಲ್ಲ.’

ನಾನು ಎಂಟನೇ ಹಾಡು ಹಚ್ಚಿ ಮೊಬೈಲು ಅವನ ಕೈಗೆ ಕೊಟ್ಟೆ. ಮೊದಲ ಪ್ರಶ್ನೆ ಮುಗಿದು ಖಾಲಿ ಬಂತು. ಅವನಿಗೆ ಯಾರೂ ಎಣಿಸಿ ತೋರಿಸಬೇಕಾಗಲಿಲ್ಲ. ತುಟಿ ಅಲ್ಲಾಡಿದವು, ದನಿ ಹೊರಡಲಿಲ್ಲ. ಎರಡನೆಯ ಖಾಲಿಗೆ ಕಣ್ಣು ತುಂಬಿದವು. ಮೂರನೆಯದಕ್ಕೆ ತಲೆಯನ್ನು ಸ್ಟೇರಿಂಗಿಗೆ ಆನಿಸಿದ. ಅಷ್ಟರಲ್ಲಿ ಮುಂದಿನ ಸಾಲು ಸರಿದು ಎರಡು ಟ್ರ್ಯಾಕ್ಟರು ಹಿಡಿಯುವಷ್ಟು ಜಾಗ ಬಿಟ್ಟಿತ್ತು. ಹಿಂದಿನವರು ಹಾರ್ನ್ ಹೊಡೆಯತೊಡಗಿದರು. ಇವನು ಏಳಲಿಲ್ಲ. ಹಿಂದಿನ ಟ್ರ್ಯಾಕ್ಟರಿನವ ಬೈಯುತ್ತ ಇಳಿದು ಬಂದ, ಅಳುವವನನ್ನು ಕಂಡ, ಪಕ್ಕದಲ್ಲಿ ಇಸ್ತ್ರಿ ಅಂಗಿ ಹಾಕಿಕೊಂಡು ಕಣ್ಣು ಒರೆಸುತ್ತ ನಿಂತ ನನ್ನನ್ನು ಕಂಡ. ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದುಕೊಂಡ.

‘ಯಾರ ತೀರಿಕೊಂಡ್ರೀ?’ ಎಂದು ಕೇಳಿದ.

ನಾನು ಏನು ಹೇಳಬೇಕೆಂದು ತಿಳಿಯದೆ, ‘ಇಲ್ಲ, ಒಂದ ಹಾಡ ಕೇಳಾಕತ್ತೇವಿ’ ಎಂದೆ. ಅವನು ಟೊಪ್ಪಿಗೆ ಹಾಕಿಕೊಂಡು, ‘ಅಷ್ಟ ಕೆಟ್ಟೈತೇನ್ರಿ?’ ಎಂದ.

ಶಾಲು

ಅವರಿಬ್ಬರೂ ಮತ್ತೆ ಕೂಡಿ ಹಾಡಿದ್ದು ಒಂದೇ ಸಲ, ಜಮಖಂಡಿಯ ಒಂದು ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ. ಅಷ್ಟರಲ್ಲಿ ಮುಧೋಳದವನಿಗೆ ಮದುವೆಯಾಗಿತ್ತು, ಎರಡನೇ ಟ್ರ್ಯಾಕ್ಟರ್ ಬಂದಿತ್ತು. ಹಾಡಿನ ಹಿಂದೆ ತಿರುಗುವ ಹೊತ್ತು ಮುಗಿದಿತ್ತು. ಬನಹಟ್ಟಿಯವನೂ ಎರಡನೇ ಆಲ್ಬಮ್ ಮಾಡಲಿಲ್ಲ. ಆ ಎರಡು ವರ್ಷ ಕೂಡಿ ಹಾಡಿದ್ದರೆ ಏನೇನಾಗುತ್ತಿತ್ತೋ. ಅದನ್ನು ನಾನು ಈಗಲೂ ಕೂತಲ್ಲಿ ನಿಂತಲ್ಲಿ ನೆನೆಯುತ್ತೇನೆ.

ಇಬ್ಬರೂ ನನಗೆ ಆಮಂತ್ರಣ ಕಳಿಸಿದ್ದರು. ಈ ಸಲ ಹೆಂಡತಿಯನ್ನು ಕರೆದುಕೊಂಡು ಮೊದಲ ಸಾಲಿನಲ್ಲಿ, ಬಿಸಿಲಿನಲ್ಲಿಯೇ ಕೂತೆ. ಎಂಟನೇ ಹಾಡು ಶುರು ಮಾಡಿದರು. ಬನಹಟ್ಟಿಯವ ‘ಎಲ್ಲಿ ಅದೀ’ ಎಂದು ಕೇಳಿದ. ಮುಧೋಳದವ ‘ಇಲ್ಲೇ ಅದೇನಿ’ ಎಂದ. ನಾಲ್ಕು ಸಾಲು ಹಾಗೆ ಹೋಯಿತು. ಆಮೇಲೆ ವೇಗ ಏರಿಸಿ ಹೊಸ ಸಾಲಿಗೆ ಹೊರಳಿದರು. ಆ ಸಾಲುಗಳು ನನ್ನ ಮೇಲೆ ಇದ್ದವು.

ಕಣ್ಣಿಲ್ಲದೆ ನೋಡುವ ಸ್ಟೆನೋ ಸಾಹೇಬ, ಕಿವಿಯಿಲ್ಲದೆ ಕೇಳುವ ಸ್ಟೆನೋ ಸಾಹೇಬ, ನಗುವಿಗೆ ನೆಂಟಸ್ತನ ಮುರಿದ ಸ್ಟೆನೋ ಸಾಹೇಬ. ಇನ್ನೂ ಇದ್ದವು, ಇಲ್ಲಿ ಬರೆಯುವಂಥವಲ್ಲ. ಅಷ್ಟು ವೇಗದಲ್ಲಿ ‘ಸ್ಟೆನೋ ಸಾಹೇಬ’ ಎಂಬುದು ಬಿಟ್ಟರೆ ಬೇರೆ ಯಾರಿಗೂ ಒಂದು ಅಕ್ಷರ ತಿಳಿಯುತ್ತಿರಲಿಲ್ಲ. ನನಗೆ ಒಂದೂ ತಪ್ಪುತ್ತಿರಲಿಲ್ಲ. ಹೆಂಡತಿ ಮೊಣಕೈಯಿಂದ ತಿವಿದು, ನಿಮ್ಮ ಹೆಸರು ಹೇಳುತ್ತಿದ್ದಾರಲ್ಲ, ಏನನ್ನುತ್ತಿದ್ದಾರೆ ಎಂದು ಕೇಳಿದಳು. ‘ಖರೆ ಇದ್ದದ್ದ ಹೇಳಾಕತ್ತಾರ’ ಎಂದೆ. ಅವಳು ಸೆರಗು ಸರಿ ಮಾಡಿಕೊಂಡು ಹಿಂದಿನ ಸಾಲಿನವರ ಕಡೆ ಒಮ್ಮೆ ತಿರುಗಿ ನೋಡಿದಳು.

ಹಾಡು ಮುಗಿದದ್ದೇ ತಡ, ಮುಖ್ಯ ಅತಿಥಿಗಳು ಎದ್ದು ಮೈಕು ಹಿಡಿದರು. ಬಹಳ ವಯಸ್ಸಾದ, ಬಹಳ ಸಾತ್ವಿಕ ಮನುಷ್ಯ. ಇಂದಿನ ತರುಣರು ಹಿರಿಯರನ್ನು ಮರೆಯುತ್ತಾರೆ ಎನ್ನುತ್ತೇವೆ, ಆದರೆ ಈ ಇಬ್ಬರು ತಮ್ಮನ್ನು ಬೆಳೆಸಿದ ವಿಮರ್ಶಕರನ್ನು ಹಾಡಿನ ಉದ್ದಕ್ಕೂ ಸ್ಮರಿಸಿದ್ದಾರೆ, ಅವರು ಇಲ್ಲಿಯೇ ಇದ್ದಾರೆ, ಮೇಲೆ ಬರಬೇಕು ಎಂದರು. ತಮಗೆ ಹೊದಿಸಿದ್ದ ಶಾಲನ್ನೇ ತೆಗೆದು ನನಗೆ ಹೊದಿಸಿದರು. ಹೂವಿನ ಹಾರವನ್ನು ಆ ಇಬ್ಬರಿಂದಲೇ ಹಾಕಿಸಿದರು. ಇಬ್ಬರೂ ಹಲ್ಲು ಕಚ್ಚಿ ನಗು ತಡೆಯುತ್ತಿದ್ದರು.

ಎರಡು ಮಾತು ಹೇಳಿರಿ ಎಂದು ಮೈಕು ಕೊಟ್ಟರು. ಈಗಲಾದರೂ ಹೇಳಿಬಿಡಬೇಕು ಅನ್ನಿಸಿತು. ಹೇಳಿದೆ: ‘ಈ ಸನ್ಮಾನಕ್ಕ ನಾ ಯೋಗ್ಯ ಅಲ್ಲ.’

ಸಭೆ ಚಪ್ಪಾಳೆ ಹೊಡೆಯಿತು.

‘ಇವರಿಬ್ಬರ ಜೋಡಿ ಮುರದಾವ ನಾನ. ಇವರ ಎರಡ ವರ್ಷ ಹಾಳ ಮಾಡಿದಾವ ನಾನ.’

ಚಪ್ಪಾಳೆ ಇನ್ನೂ ಜೋರಾಯಿತು. ಹಿಂದಿನಿಂದ ಯಾರೋ ಶಿಳ್ಳೆ ಹೊಡೆದರು. ಅತಿಥಿಗಳು ಮೈಕು ತಗೊಂಡು, ಇಂಥ ವಿನಯ ಈಗಿನ ಕಾಲದಲ್ಲಿ ಎಲ್ಲಿ ಸಿಗುತ್ತದೆ ಎಂದು ಗದ್ಗದಿತರಾದರು. ಇಲ್ರಿ, ನಾನು ಹೇಳುವುದು ಖರೆ, ಇವರು ಈಗ ಹಾಡಿದ್ದು ಹೊಗಳಿಕೆಯಲ್ಲ, ಬೈಗುಳ ಎಂದು ಅವರ ಕಿವಿಯಲ್ಲಿ ಹೇಳಿದೆ.

ಅವರು ನನ್ನ ಎರಡೂ ಕೈ ಹಿಡಿದುಕೊಂಡು ಕನಿಕರದಿಂದ ನೋಡಿದರು.

‘ಅಷ್ಟ ಸಣ್ಣವರ ಆಗಬ್ಯಾಡ್ರಿ ಸಾಹೇಬ್ರ. ಹಾಡಿನಾಗ ನಿಮ್ಮನ್ನ ಹನ್ನೊಂದ ಸಲ ನೆನಸ್ಯಾರ, ನಾ ಎಣಿಸೇನಿ. ಐವತ್ತ ವರ್ಷ ಆತು ಮದಿವ್ಯಾಗಿ, ನಮ್ಮ ಮನ್ಯಾಗ ನನ್ನ ಬೈಯಾಕ ಸೈತ ಅಷ್ಟ ಸಲ ಯಾರೂ ನೆನಸಿಲ್ಲ.’